ಬದುವಿನಾಚೆಯ ದೊಡ್ಡಪ್ಪ

ಮೊನ್ನೆ ಬೇಲೂರಿನಿಂದ ಗೆಂಡೆಹಳ್ಳಿಗೆ ಬರುವ ಬಸ್ಸಿನಲ್ಲಿ ಪಕ್ಕದವರ ಕೈಚೀಲದಿಂದ ಔಷಧಿ ವಾಸನೆ ಬಂತು. ಬೆಳೆಗೆ ಹೊಡೆಯುವ ವಿಷಕ್ಕೆ ನಮ್ಮಲ್ಲಿ ಔಷಧಿ ಎಂದೇ ಹೆಸರು. ಡಬ್ಬಿಯ ಮುಚ್ಚಳ ಸಡಿಲವಾಗಿತ್ತೋ ಏನೋ. ಕಿಟಕಿ ತೆಗೆದೆ, ಸೀಟು ಬದಲಿಸಿದೆ, ಊಹೂಂ, ಕೂತಲ್ಲಿ ಕೂರಲಾಗಲಿಲ್ಲ. ಕೊನೆಗೆ ಊರು ಬರುವ ಮುಂಚೆಯೇ ಇಳಿದು ನಡೆಯತೊಡಗಿದೆ. ದಾರಿಯುದ್ದಕ್ಕೂ ಬದುವಿನಾಚೆಯ ದೊಡ್ಡಪ್ಪನೇ ಕಣ್ಣ ಮುಂದೆ...

ಅವರು ರಕ್ತಸಂಬಂಧಿಯಲ್ಲ. ಅವರ ಹೊಲಕ್ಕೂ ನಮ್ಮ ಹೊಲಕ್ಕೂ ನಡುವೆ ಒಂದು ಬದು, ಅಷ್ಟೇ ನೆಂಟಸ್ತಿಕೆ. ಎರಡೂ ಕಡೆ ಎಲೆಕೋಸು. ಔಷಧಿಯ ಶಕ್ತಿಯನ್ನು ಅವರು ಅಳೆಯುತ್ತಿದ್ದದ್ದು ಮೂಗಿನಿಂದ. ಘಾಟು ತಲೆಗೆ ಹತ್ತದಿದ್ದರೆ, "ಇದೇನ್ಲಾ, ಹುಳ ಕುಡ್ದು ಇನ್ನೊಂದ್ ಲೋಟ ಕೊಡು ಅಂತದೆ" ಎಂದು ನಗುತ್ತಾ ಇನ್ನೊಂದು ಮುಚ್ಚಳ ಸುರಿಯುತ್ತಿದ್ದರು. ನಗಿಸುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ, ಅದಕ್ಕೇ ಅವರ ಮೇಲೆ ಬಂದ ಕೋಪ ನಿಲ್ಲುತ್ತಲೂ ಇರಲಿಲ್ಲ.

ಅವರು ಹೊಡೆದ ಮಾರನೆಯ ದಿನ ಅಪ್ಪನೂ ಹೊಡೆಯಲೇಬೇಕು. ಅಲ್ಲಿ ಔಷಧಿ ಬಿದ್ದರೆ ಹುಳವೆಲ್ಲ ಬದು ದಾಟಿ ಇಲ್ಲಿಗೆ ಬರುತ್ತದೆ ಎಂಬುದು ಊರಿನ ನಂಬಿಕೆ. ಅಪ್ಪ ಹೊಡೆದರೆ ಮತ್ತೆ ಅವರು. ಒಂದು ತೂತು ಕಂಡರೂ ಮಂಡಿಯವರು ಕೋಸನ್ನು ಪಕ್ಕಕ್ಕೆ ಎಸೆಯುತ್ತಿದ್ದರು, ಆ ಹೆದರಿಕೆ ಬೇರೆ.

ಒಂದು ಮಳೆಗಾಲ ಔಷಧಿ ಹೊಡೆಯುತ್ತಲೇ ದೊಡ್ಡಪ್ಪ ವಾಂತಿ ಮಾಡಿಕೊಂಡು ಹೊಲದಲ್ಲಿ ಬಿದ್ದರು. ಇನ್ನೊಮ್ಮೆ ಅದನ್ನು ಮುಟ್ಟಿದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಎಚ್ಚರಿಸಿ ಮನೆಗೆ ಕಳಿಸಿದರು. ಬಂದವರೇ ಬದುವಿನ ಮೇಲೆ ಕೂತು ಅಪ್ಪನನ್ನು ಕರೆದರು.

"ನಾನೊಬ್ನೇ ನಿಲ್ಸಿದ್ರೆ ನಿನ್ ಹೊಲದ್ ಹುಳ ಎಲ್ಲಾ ನನ್ ಹೊಲಕ್ಕೆ ಬೀಗರೂಟಕ್ಕೆ ಬತ್ತವೆ. ನಿಲ್ಸಿದ್ರೆ ಇಬ್ರೂ ನಿಲ್ಸಬೇಕು ಕಣ್ಲಾ."

"ಆಗ್ಲಿ ಅಣ್ಣ," ಎಂದು ಅಪ್ಪ ಅವರ ಕೈ ಮುಟ್ಟಿ ಮಾತು ಕೊಟ್ಟರು. ನನಗೆ ಹೋದ ಜೀವ ಬಂದಂತಾಯಿತು.

ಆದರೆ ಅಂದಿನಿಂದ ಇಬ್ಬರೂ ಒಬ್ಬರ ಮೇಲೊಬ್ಬರು ಕಣ್ಣಿಡತೊಡಗಿದರು. ಅಪ್ಪ ಊಟದ ನಡುವೆ ಎದ್ದು ಹೋಗಿ ಆಚೆ ಇಣುಕಿ ಬರುತ್ತಿದ್ದರು. ಹೀಗಿರುವಾಗ ಒಂದು ಬೆಳಗ್ಗೆ ದಟ್ಟ ಮಂಜು, ಬದುವಿನಾಚೆ ಏನೂ ಕಾಣದು. ವಾಸನೆ ಮಾತ್ರ ತೇಲಿ ಬಂತು.

"ಹೊಡ್ದೇಬಿಟ್ನಲ್ಲ ಅಣ್ಣ!" ಅಪ್ಪ ಪಂಪು ಬೆನ್ನಿಗೇರಿಸಿದರು.

"ಒಂದ್ಸಲ ಕೇಳ್ಬಾರ್ದೇನಪ್ಪ?" ಎಂದೆ.

"ಕೇಳೋದೇನೈತೆ? ಮೂಗಿಲ್ವಾ ನಂಗೆ?"

ಆ ವಾಸನೆ ಬಂದದ್ದು ದೊಡ್ಡಪ್ಪನ ಹೊಲಕ್ಕೂ ಆಚೆಗಿನ ಶುಂಠಿ ಹೊಲದಿಂದ. ದೊಡ್ಡಪ್ಪ ಏನನ್ನೂ ಹೊಡೆದಿರಲಿಲ್ಲ. ನಮ್ಮ ಪಂಪಿನ ಸದ್ದು ಕೇಳಿ, ಅಪ್ಪ ಮಾತಿಗೆ ತಪ್ಪಿದ ಎಂದುಕೊಂಡರಂತೆ. ದೊಡ್ಡಮ್ಮ ಬೇಡವೆಂದು ಎಷ್ಟು ಬೇಡಿಕೊಂಡರೂ ಕೇಳಲಿಲ್ಲ, ಆಳು ಸಿಗುವವರೆಗೂ ಕಾಯಲಿಲ್ಲ. ಉಳಿದಿದ್ದ ಡಬ್ಬಿ ತೆಗೆದು, ಬರಿಗೈಯಲ್ಲಿ ಕಲಸಿ, ತಾವೇ ಹೊಡೆದರು. ಮಧ್ಯಾಹ್ನ ಹಾಸನಕ್ಕೆ ಕರೆದೊಯ್ಯುವ ದಾರಿಯಲ್ಲೇ ಹೋಗಿಬಿಟ್ಟರು.

ಮಣ್ಣಿಗೆ ಬಂದಿದ್ದ ಶುಂಠಿ ಹೊಲದವರು ಮಾತಿನ ನಡುವೆ, ಆವತ್ತು ಬೆಳಗ್ಗೆ ಮೊದಲು ಹೊಡೆದವರು ತಾವೇ ಎಂದಾಗ ಅಪ್ಪ ಎದ್ದು ಹೋಗಿ ಬದುವಿನ ಮೇಲೆ ಕೂತರು. ಒಂದು ಕೂಗಿನ ದೂರ. ಅಷ್ಟೇ ಇದ್ದದ್ದು ಇಬ್ಬರ ನಡುವೆ! ನೆನೆದರೆ ಇವತ್ತಿಗೂ ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬರುತ್ತದೆ... ಯಾರ ಮೇಲೆ ಎಂದು ಮಾತ್ರ ತಿಳಿಯುವುದಿಲ್ಲ.

ಅಪ್ಪ ಈಗಲೂ ಕೋಸು ಬೆಳೆಯುತ್ತಾರೆ. ಔಷಧಿ ಕಡಿಮೆಯಾಗಿದೆ, ಬಿಟ್ಟಿಲ್ಲ. ದೊಡ್ಡಮ್ಮ ಅವರ ಹೊಲವನ್ನು ಗುತ್ತಿಗೆಗೆ ಕೊಟ್ಟಿದ್ದಾರೆ. ಮೊನ್ನೆ ನಾನು ನಡೆದು ಹೊಲ ಮುಟ್ಟುವಾಗ ಅಪ್ಪ ಪಂಪು ಹೊತ್ತು, ಬದುವಿನ ಮೇಲೆ ನಿಂತು ಆಚೆಗೆ ಏನೋ ಕೂಗುತ್ತಿದ್ದರು. ಆ ಹೊಲದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

"ಯಾರೂ ಇಲ್ವಲ್ಲಪ್ಪ ಅಲ್ಲಿ," ಎಂದೆ.

"ಗೊತ್ತು ಕಣವ್ವಾ," ಎಂದವರು ಮತ್ತೆ ಆ ಕಡೆಗೇ ತಿರುಗಿದರು. "ನಾನ್ ಹೊಡೀತಾ ಇದೀನಿ ಅಣ್ಣ. ನೀನ್ ಹೊಡೀಬ್ಯಾಡ."