ಸುಣ್ಣಕಲ್ಲಿನ ಮೇಲೊಂದು ಎನಾಮಲ್ ಪದ್ಮ

ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದವಳು ಕಾರಿನಿಂದ ಇಳಿಯುತ್ತಲೇ ನಿಂತುಬಿಟ್ಟೆ. ಬಾಗಿಲ ಮುಂದಿನ ಸುಣ್ಣಕಲ್ಲಿನ ಹಾಸಿನ ಮೇಲೆ ದೊಡ್ಡದೊಂದು ಪದ್ಮದ ರಂಗೋಲಿ, ಅಪ್ಪಟ ಬಿಳಿ ಎನಾಮಲ್ ಪೇಂಟಿನಲ್ಲಿ! ಬಿಸಿಲಿಗೆ ಆಗಲೇ ಒಣಗಿ ಗಟ್ಟಿಯಾಗಿತ್ತು. ಮೈಸೂರಿನಿಂದ ಬಂದಿದ್ದ ನಮ್ಮತ್ತೆ ಪಕ್ಕದಲ್ಲಿ ನಗುತ್ತಾ ನಿಂತಿದ್ದರು.

"ದಿನಾ ಪುಡಿ ಹಾಕ್ತೀನಿ, ಮಧ್ಯಾಹ್ನ ಆ ಹಾಳು ಗಾಳಿ ಗುಡಿಸ್ಕೊಂಡು ಹೋಗುತ್ತೆ. ಗ್ಯಾರೇಜಲ್ಲಿ ಪೇಂಟ್ ಡಬ್ಬ ಇತ್ತು. ಇನ್ನು ಅಳಿಸೋ ಮಾತೇ ಇಲ್ಲ ನೋಡು," ಎಂದರು.

ಪಿಯಾರಾ ವಾಟರ್ಸ್ ಬಡಾವಣೆಯ ಆ ಮನೆ ಬಾಡಿಗೆಯದು. ಮರುದಿನ ಸಂಜೆ ಮಾಲೀಕರ ಪರವಾಗಿ ಏಜೆಂಟ್ ಮನೆ ಇನ್‌ಸ್ಪೆಕ್ಷನ್‌ಗೆ ಬರುವವಳಿದ್ದಳು. ಲೀಸ್ ಮುಗಿಯುತ್ತಾ ಬಂದಿತ್ತು, ಮುಂದುವರಿಸುವ ಬಗ್ಗೆ ಮಾಲೀಕರು ಇನ್ನೂ ಬಾಯಿ ಬಿಟ್ಟಿರಲಿಲ್ಲ. ಪರ್ತ್‌ನಲ್ಲಿ ಬಾಡಿಗೆ ಮನೆ ಹುಡುಕುವ ಪಾಡು ಹುಡುಕಿದವರಿಗೇ ಗೊತ್ತು. ಈ ಮನೆ ಕೈತಪ್ಪಿದರೆ, ಈ ವಿಳಾಸದ ಮೇಲೆ ಸಿಕ್ಕಿದ್ದ ಮಗಳ ಶಾಲೆಯೂ ತಪ್ಪುತ್ತಿತ್ತು.

"ಅಯ್ಯೋ ಅತ್ತೆ, ಮನೆ ಬಿಡಿಸ್ತಾರೆ ನಮ್ಮನ್ನ!" ಎಂದು ಕಿರುಚಿಯೇಬಿಟ್ಟೆ.

ಅವರ ಮುಖ ಇಳಿದುಹೋಯಿತು. ಒಳಗೆ ಹೋದವರು ನೆನೆಸಿದ ಹುಣಸೆಹಣ್ಣು ತಂದು, ದೇವರ ಹಿತ್ತಾಳೆ ಪಾತ್ರೆ ತಿಕ್ಕುವಂತೆ ರಂಗೋಲಿಯ ಒಂದು ಮೂಲೆ ತಿಕ್ಕತೊಡಗಿದರು. ಪೇಂಟ್ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಕಲ್ಲಿಗೆ ಮಾತ್ರ ಕಂದು ಕಲೆ ಹತ್ತಿತು. ನನಗೆ ಕೋಪ ನೆತ್ತಿಗೇರಿತ್ತು. ಅಷ್ಟರಲ್ಲಿ ನನ್ನ ಗಂಡ ಟಾಯ್ಲೆಟ್ ತೊಳೆಯುವ ಆಸಿಡ್ ಹಿಡಿದು ಪ್ರತ್ಯಕ್ಷ!

"ಮುಟ್ಟಿದ್ರೆ ನೋಡಿ! ಹುಣಸೆಹಣ್ಣಿಗೇ ಹೀಗಾಗಿದೆ. ಅಂಗಡಿಯವ್ರನ್ನ ಕೇಳ್ಕೊಂಡು ಬನ್ನಿ ಮೊದ್ಲು," ಎಂದು ಗದರಿದೆ.

ಅವರು ಅಂಗಡಿಯಿಂದ ಪೇಂಟ್ ಕೀಳುವ ಜೆಲ್ ತಂದರು. "ಈ ಕಲ್ಲು ಮೆತ್ತಗಂತೆ ಕಣೆ. ಆಸಿಡ್ ತಿಂದುಹಾಕುತ್ತಂತೆ, ಜೋರಾಗಿ ನೀರು ಬಿಟ್ರೂ ಪುಡಿಯಾಗುತ್ತಂತೆ," ಎಂದರು.

ಬೆಳಗ್ಗೆ ರಜೆ ಹಾಕಿ ಕೂತೆ. ಜೆಲ್ ದಪ್ಪಗೆ ಬಳಿದು, ಒಣಗದಂತೆ ಮೇಲೆ ಪ್ಲಾಸ್ಟಿಕ್ ಹೊದಿಸಿ ಕಾದೆವು. ಆ ಕಾಯುವಿಕೆಯಲ್ಲಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕೊನೆಗೂ ಪೇಂಟ್ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಎದ್ದಿತು. ಪ್ಲಾಸ್ಟಿಕ್ ಪಟ್ಟಿಯಿಂದ ಮೆಲ್ಲಗೆ ಎತ್ತಿದೆವು. ಕಲ್ಲಿನ ತೂತುಗಳಲ್ಲಿ ಬಿಳಿ ಉಳಿದೇ ಇತ್ತು, ಮತ್ತೆ ಬಳಿದೆವು. ಅತ್ತೆ ಗ್ಲೌಸ್ ಹಾಕಿಕೊಂಡು, ತಾವೇ ಎಳೆದ ಗೆರೆಗಳನ್ನು ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ತಿಕ್ಕಿ ತೆಗೆಯುತ್ತಿದ್ದರು. ಬೆಳಗಿನಿಂದ ತಿಂಡಿ ಮುಟ್ಟಿರಲಿಲ್ಲ. ಪಾಪ ಅನ್ನಿಸಿತು. ಕೋಪ ಇಳಿಯಿತು, ಭಯ ಇಳಿಯಲಿಲ್ಲ. ಹುಣಸೆಯ ಕಲೆ ಮಾತ್ರ ಹೋಗಲೇ ಇಲ್ಲ. ಅದರ ಮೇಲೆ ತುಳಸಿ ಕುಂಡ ತಂದಿಟ್ಟೆ.

ಸಂಜೆ ಏಜೆಂಟ್ ಬಂದಳು. ಅತ್ತೆ ರೂಮು ಸೇರಿಕೊಂಡರು. ಅವಳು ಬಾಗಿಲಲ್ಲೇ ನಿಂತು ಕಲ್ಲನ್ನು ನೋಡಿದಳು. ಎಷ್ಟು ಚೊಕ್ಕಟವಾಗಿಟ್ಟಿದ್ದೀರಿ, ಫೋಟೋದಲ್ಲಿ ಚೆನ್ನಾಗಿ ಬರುತ್ತದೆ ಎಂದಳು. ಯಾವ ಫೋಟೋ ಎಂದು ಕೇಳಿದೆ. ಮಾಲೀಕರು ಮನೆ ಮಾರುತ್ತಿದ್ದಾರಂತೆ, ಲೀಸ್ ಮುಂದುವರಿಸುವುದಿಲ್ಲವಂತೆ. ಹೇಳಲು ಅವಳಿಗೂ ಬೇಜಾರಂತೆ.

ಅವಳ ಕಾರು ಹೋದ ಮೇಲೆ ಅತ್ತೆ ಬಾಗಿಲಿಗೆ ಬಂದರು. "ಏನಂದ್ಲಮ್ಮಾ? ನನ್ನಿಂದ ಮನೆ ಹೋಯ್ತಾ?"

"ಮನೆ ಹೋಯ್ತು ಅತ್ತೆ. ನಿಮ್ಮಿಂದ ಅಲ್ಲ," ಎಂದೆ.

ಒಳಗಿನಿಂದ ರಂಗೋಲಿ ಪುಡಿಯ ಡಬ್ಬ ತಂದು ಅವರ ಕೈಗಿಟ್ಟೆ.

"ಈ ಮನೇಲಿ ಇರೋವರೆಗೂ ಹಾಕಿ," ಎಂದೆ.