ಮಾರಮ್ಮನ ಮುಂದೆ ಹೂಸಿನ ಪುಸ್ತಕ

ನನ್ನ ಮಗಳಿಗೆ ನಾಲ್ಕನೇ ಕ್ಲಾಸಿಗೆ ಬಂದರೂ ಓದುವುದೆಂದರೆ ಕೆಸರಲ್ಲಿ ಹೂತ ಗಾಡಿಯನ್ನು ಎಳೆದ ಹಾಗೆ. ಅಕ್ಷರಗಳೆಲ್ಲ ಗೊತ್ತು, ಒಂದೊಂದನ್ನೇ ತೋರಿಸಿ ಕೇಳಿದರೆ ಟಕ್ಕನೆ ಹೇಳುತ್ತಾಳೆ. ಅವನ್ನೇ ಸಾಲಾಗಿ ನಿಲ್ಲಿಸಿದರೆ ಮಾತ್ರ ಮುಖವೆಲ್ಲ ಬೆವರು. ಕ್ಲಾಸಿನಲ್ಲಿ ಎದ್ದು ಓದು ಎಂದರೆ ಉಗುರು ಕಚ್ಚುತ್ತಾ ನಿಂತುಬಿಡುವಳು, ಉಳಿದ ಮಕ್ಕಳು ಮುಸಿಮುಸಿ ನಗುವವು. ಮನೆಗೆ ಬಂದು "ನಾನು ಇನ್ನು ಸ್ಕೂಲಿಗೆ ಹೋಗಲ್ಲಮ್ಮ" ಎಂದು ನನ್ನ ಸೆರಗಿನಲ್ಲಿ ಮುಖ ಒರೆಸಿಕೊಳ್ಳುವಳು.

ನಾನು ಸೋಮವಾರ ಒಪ್ಪತ್ತು ಹಿಡಿದೆ. ನಂಜನಗೂಡಿಗೆ ಹೋಗಿ ಹೊಳೆಯಲ್ಲಿ ಮುಳುಗೆದ್ದು, ನಂಜುಂಡಪ್ಪನ ಮುಂದೆ ನಿಂತು, "ಇವಳು ಒಂದು ಪುಸ್ತಕ ನಿಲ್ಲದೆ ಓದಲಿ ತಂದೆ, ಹೆಚ್ಚೇನೂ ಬೇಡ" ಎಂದು ಕೇಳಿಕೊಂಡೆ. ದೇವರ ಹತ್ತಿರ ಚಿಕ್ಕದು ಕೇಳಿದರೆ ಬೇಗ ಸಿಗುತ್ತದೆ ಎಂಬುದು ನನ್ನ ಅನುಭವ. ದೊಡ್ಡದು ಕೇಳುವವರ ಸಾಲು ಉದ್ದ.

ನಂಜುಂಡಪ್ಪ ಕೇಳಿಸಿಕೊಂಡ. ಆದರೆ ಏನು ಕಳಿಸಿದ ನೋಡಿ. ಹೂಸಿನ ಪುಸ್ತಕ!

ನಮ್ಮೂರು ಇರುವುದು ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವೆ, ಬಿಳಿಗೆರೆಯ ಆಚೆ. ನಮ್ಮ ಸರ್ಕಾರಿ ಶಾಲೆಯ ಲೈಬ್ರರಿ ಅಂದರೆ ಹೆಡ್ ಮೇಡಂ ಕೋಣೆಯ ಒಂದು ಕಬ್ಬಿಣದ ಬೀರು ಮತ್ತು ಗೋಡೆಯುದ್ದಕ್ಕೆ ಕಟ್ಟಿದ ಒಂದು ಹಗ್ಗ. ತೆಳ್ಳನೆಯ ಪುಸ್ತಕಗಳನ್ನು ಆ ಹಗ್ಗದ ಮೇಲೆ ಒಗೆದ ಬಟ್ಟೆಯ ಹಾಗೆ ಇಳಿಬಿಟ್ಟಿರುತ್ತಾರೆ. ಮಕ್ಕಳು ತಮಗೆ ಬೇಕಾದ್ದನ್ನು ಎಳೆದುಕೊಂಡು ಮನೆಗೆ ತರಬಹುದು. ಮಗಳು ಒಂದು ಸಂಜೆ ಹಾಗೆ ಎಳೆದು ತಂದದ್ದೇ ಅದು.

ಕಥೆ ಇಷ್ಟೇ. ಒಬ್ಬ ರಾಜ ತನ್ನ ರಾಜ್ಯದಲ್ಲಿ ಯಾರೂ ಹೂಸು ಬಿಡಕೂಡದು ಎಂದು ಡಂಗುರ ಹೊಡೆಸುತ್ತಾನೆ. ಸಭೆಯಲ್ಲಿ ಎಲ್ಲಾದರೂ 'ಪುರ್' ಎಂದರೆ ಮಂತ್ರಿ ಎದ್ದು "ಯಾರದು?" ಎನ್ನುತ್ತಾನೆ. ಎಲ್ಲರೂ ಕೈಮುಗಿದು "ನಂದಲ್ಲ ಪ್ರಭು!" ಎನ್ನುತ್ತಾರೆ. ಪುಟ ಪುಟಕ್ಕೂ ಇದೇ. ಕಾನೂನು ಮಾಡಿದ ತಪ್ಪಿಗೆ ರಾಜ ತನ್ನದನ್ನೂ ಹಿಡಿದೂ ಹಿಡಿದೂ ಬೂದುಗುಂಬಳದ ಹಾಗೆ ಊದಿಕೊಂಡು, ಕಡೆಗೆ ಅರಮನೆಯ ಹೆಂಚೆಲ್ಲ ಹಾರಿಹೋಗುತ್ತದೆ.

ನಾನು ಅವರೆಕಾಳು ಹಿತುಕುತ್ತಾ ಜಗಲಿಯಲ್ಲಿ ಕೂತಿದ್ದೆ. ಅವಳು ಪಕ್ಕದಲ್ಲಿ ಕೂತು ಬೆರಳಿಟ್ಟು ಓದಿದಳು. ಪ್ರತಿ ಪುಟದಲ್ಲೂ "ನಂದಲ್ಲ ಪ್ರಭು" ಬರುತ್ತದಲ್ಲ, ಅದೊಂದು ಸಾಲು ಅವಳಿಗೆ ನೆಂಟರ ಮನೆ. ಅಲ್ಲಿಯವರೆಗೆ ಏದುಸಿರು ಬಿಡುತ್ತಾ ಹೋಗಿ, ಅಲ್ಲಿ ಸುಧಾರಿಸಿಕೊಂಡು, ಮತ್ತೆ ಮುಂದಕ್ಕೆ ಹೊರಡುವಳು. ಮೊದಲ ದಿನ ಎರಡು ಪುಟವಾಯಿತು. ನನ್ನ ಕೈಯಲ್ಲಿದ್ದ ಕಾಳು ಜಾರಿ ಒಲೆಗೆ ಬಿದ್ದಿದ್ದರೂ ಗೊತ್ತಾಗುತ್ತಿರಲಿಲ್ಲ, ಅಷ್ಟು ಸಂತೋಷ. ನನ್ನ ಪುಣ್ಯಕ್ಕೆ ಒಲೆ ಅಡುಗೆಮನೆಯಲ್ಲಿತ್ತು.

ಅಷ್ಟರಲ್ಲಿ ಗ್ರಹಚಾರ ವಕ್ಕರಿಸಿತು.

ಶಾಲೆಯ ಎಸ್‌ಡಿಎಂಸಿ ಅಂತ ಒಂದಿದೆ. ಮಕ್ಕಳ ತಂದೆತಾಯಿಯರ ಸಮಿತಿ, ನಾನೂ ಅದರಲ್ಲಿ ಒಬ್ಬಳು. ಅದರ ಅಧ್ಯಕ್ಷರು ನಮ್ಮೂರ ಹಿಟ್ಟಿನ ಮಿಲ್ಲಿನವರು. ಅವರ ದೊಡ್ಡ ಮಗಳನ್ನು ನೋಡಲು ತಲಕಾಡಿನ ಕಡೆಯ ಗಂಡಿನವರು ಬಂದಿದ್ದರು. ನಡುಮನೆಯಲ್ಲಿ ಎಲ್ಲರೂ ಗಂಭೀರವಾಗಿ ಕೂತಿದ್ದಾಗ, ಗಂಡಿನ ತಂದೆ ಕೇಸರಿಬಾತಿನ ತಟ್ಟೆ ತೆಗೆದುಕೊಳ್ಳಲು ಬಗ್ಗಿದರಂತೆ. ಪ್ಲಾಸ್ಟಿಕ್ ಕುರ್ಚಿ 'ಪುರ್' ಎಂದಿತು. ಕುರ್ಚಿಯೇ, ಅನುಮಾನ ಬೇಡ. ಆದರೆ ಅಧ್ಯಕ್ಷರ ಚಿಕ್ಕ ಮಗಳು, ನನ್ನ ಮಗಳ ಕ್ಲಾಸಿನವಳೇ, ಬಾಗಿಲ ಸಂದಿಯಿಂದ "ಯಾರದು?" ಎಂದು ಕೂಗಿದಳು. ಅಂಗಳದಲ್ಲಿ ಆಡುತ್ತಿದ್ದ ಮಕ್ಕಳೆಲ್ಲ ಒಟ್ಟಿಗೆ "ನಂದಲ್ಲ ಪ್ರಭು!" ಎಂದವು.

ಗಂಡಿನವರು "ಆಮೇಲೆ ಫೋನ್ ಮಾಡ್ತೀವಿ" ಎಂದು ಹೋದವರು ಮತ್ತೆ ಸುದ್ದಿಯಿಲ್ಲ.

ಆ ಶನಿವಾರವೇ ಅಧ್ಯಕ್ಷರು ಮೀಟಿಂಗ್ ಕರೆದರು. ಹಗ್ಗದಿಂದ ಕಿತ್ತ ಪುಸ್ತಕವನ್ನು ಸತ್ತ ಇಲಿ ಹಿಡಿದ ಹಾಗೆ ಎರಡು ಬೆರಳಲ್ಲಿ ಹಿಡಿದು ಮೇಜಿನ ಮೇಲೆ ಹಾಕಿದರು.

"ಏನ್ ಮೇಡಂ ಇದು? ನಮ್ ಮಕ್ಳು ಊಸು ಬುಡೋದ ಕಲಿಯಕ್ಕೆ ಸ್ಕೂಲಿಗ್ ಬರಬೇಕಾ? ಮನೇಲೇ ಚೆನ್ನಾಗ್ ಕಲ್ತಿದ್ವಲ್ಲ!"

ಹೆಡ್ ಮೇಡಂ ತಿ. ನರಸೀಪುರದಿಂದ ದಿನವೂ ಬಸ್ಸಿನಲ್ಲಿ ಬರುವವರು, ತಾಳ್ಮೆಯ ಹೆಂಗಸು. "ಸರ್, ಮಕ್ಕಳು ಅತಿ ಹೆಚ್ಚು ಕೇಳೋ ಪುಸ್ತಕ ಇದು. ತೆಗೆಯೋದಕ್ಕೆ ನನಗೆ ಮನಸ್ಸಿಲ್ಲ" ಎಂದರು.

"ಇದು ಇರಕೂಡ್ದು ಅಂದ್ರೆ ಇರಕೂಡ್ದು. ನಂಗೆ ಸಂಬಂಧ ತಪ್ಪೋಗದೆ."

ನಾನು ಎದ್ದು ನಿಂತೆ. "ಅಣ್ಣಾ, ನನ್ ಮಗಳು ಹುಟ್ಟಿದಾಗಿನಿಂದ ಓದಿರೋದು ಇದೊಂದೇ. ಇನ್ನೂ ಅರ್ಧ ಐತೆ. ಇದನ್ನ ಕಿತ್ಕೊಂಡ್ರೆ ಅವಳು ಮತ್ತೆ ಪುಸ್ತಕ ಮುಟ್ಟಲ್ಲ."

"ಸುಮ್ಕಿರು ತಂಗಿ, ಯಾವುದಾರ ನೀತಿ ಕತೆ ಓದ್ಸು."

"ನೀತಿ ಕತೆ ನೋಡಿದ್ರೆ ಅವಳಿಗೆ ನಿದ್ದೆ ಬತ್ತದೆ ಅಣ್ಣ."

"ನಂಗೂ ಬತ್ತದೆ. ಅದ್ಕೇನೀಗ?"

ಕಿಟಕಿಯ ಹೊರಗಿನಿಂದ ನಮ್ಮತ್ತೆಯ ದನಿ ಬಂತು. ಯಾರೂ ಕರೆಯದಿದ್ದರೂ ಮೀಟಿಂಗಿಗೆ ಬಂದು, ಎಲೆ ಅಡಿಕೆ ಜಗಿಯುತ್ತಾ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. "ಅದ್ಯಾಕೆ ಕಾಗೆಗಳಂಗೆ ಕಿತ್ತಾಡೀರಿ? ನಿಮ್ ಕೈಲಾಗಲ್ಲ ಅಂದ್ರೆ ಮಾರಮ್ಮನ್ನ ಕೇಳಿ. ಬೋರ್‌ವೆಲ್ ಎಲ್ ಕೊರೆಸ್ಬೇಕು ಅಂತ ಕೇಳಿರಿ, ಎಮ್ಮೆ ಮಾರೋದಾ ಅಂತ ಕೇಳಿರಿ, ಇದೊಂದ್ ಕೇಳಕ್ಕೆ ನಾಚ್ಕೆಯಾ?"

ಊರಿನಲ್ಲಿ ತೀರ್ಮಾನವಾಗದ ವಿಷಯಕ್ಕೆ ಅಮ್ಮನ ಗುಡಿಯಲ್ಲಿ ಹೂ ಕೇಳುವುದು ನಮ್ಮ ಪದ್ಧತಿ. ಪೂಜಾರಪ್ಪ ಒದ್ದೆ ಹೂವನ್ನು ಅಮ್ಮನ ಎರಡೂ ಭುಜಕ್ಕೆ ಅಂಟಿಸುತ್ತಾರೆ. ನಾವು ಮನಸ್ಸಿನಲ್ಲಿ ಬೇಡಿಕೊಳ್ಳಬೇಕು. ಬಲಗಡೆಯದು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಮಾರಮ್ಮ ಹೇಳಿದ ಮೇಲೆ ನಮ್ಮಲ್ಲಿ ಮೇಲಿನ ಕೋರ್ಟು ಇಲ್ಲ. ಅಧ್ಯಕ್ಷರು ಒಪ್ಪಿದರು. ಹೆಡ್ ಮೇಡಂ ಮಾತ್ರ ಈ ತೀರ್ಮಾನವನ್ನು ಮೀಟಿಂಗ್ ವರದಿಯಲ್ಲಿ ಹೇಗೆ ಬರೆಯುವುದು ಎಂದು ಸ್ವಲ್ಪ ಹೊತ್ತು ಪೆನ್ನು ಕಚ್ಚಿಕೊಂಡು ಕೂತಿದ್ದರು.

ಶುಕ್ರವಾರ ಸಂಜೆ ಗುಡಿಗೆ ಹೋದೆವು. ಅಂದು ನಮ್ಮ ಭಜನೆಯ ದಿನವಾದ್ದರಿಂದ ಹೆಂಗಸರೆಲ್ಲ ತಾಳ ಹಿಡಿದು ಮೊದಲೇ ಬಂದು ಕೂತಿದ್ದರು. ಪೂಜಾರಪ್ಪ ಪುಸ್ತಕವನ್ನು ಅಮ್ಮನ ಮುಂದಿನ ಮಣೆಯ ಮೇಲಿಟ್ಟು, ಅಭ್ಯಾಸಬಲದಿಂದ ಅರಿಶಿನ ಕುಂಕುಮ ಹಚ್ಚಿ, ಎರಡು ಹೂವಿನ ಎಸಳು ಹಾಕಿದರು. ರಾಜನ ಊದಿದ ಹೊಟ್ಟೆಯ ಮೇಲೆ ಕುಂಕುಮ ಲಕ್ಷಣವಾಗಿ ಕೂತಿತು. ಹೂ ಅಂಟಿಸಿದ್ದಾಯಿತು. ನಾವೆಲ್ಲ ಕಣ್ಣು ಮುಚ್ಚಿ ಬೇಡಿಕೊಂಡೆವು.

ಹೂ ಬೀಳಲೇ ಇಲ್ಲ.

ಸ್ವಲ್ಪ ಹೊತ್ತು ನೋಡಿ ಪೂಜಾರಪ್ಪ ಹೇಳಿದರು: "ಅಮ್ಮನಿಗೆ ಇಚಾರ ಏನೂಂತ ಗೊತ್ತಾಗ್ಬ್ಯಾಡ್ವಾ? ಅದ್ರಲ್ಲಿ ಏನೈತೆ ಅಂತ ಒಸಿ ಓದಿ ಯೋಳಿ."

ಅಧ್ಯಕ್ಷರು ಹಿಂದೆ ಸರಿದರು. "ಅಮ್ಮನ ಮುಂದೆ ನಾನ್ ಆ ಮಾತ್ ಆಡಲ್ಲಪ್ಪ."

ಹೆಡ್ ಮೇಡಂ, "ನಾನು ಓದಿದರೆ ಒಂದು ಕಡೆಯ ಪರ ವಹಿಸಿದ ಹಾಗಾಗುತ್ತೆ" ಎಂದರು.

ನಮ್ಮತ್ತೆ ನನ್ನ ಮಗಳ ಬೆನ್ನಿಗೆ ಕೈಯಿಟ್ಟು ಮುಂದಕ್ಕೆ ನೂಕಿದರು. "ಈ ಕೂಸೇ ಓದ್ಲಿ. ಇದರದೇ ತಾನೆ ಯಾಜ್ಯ."

ಕ್ಲಾಸಿನಲ್ಲಿ ನಾಲ್ಕು ಮಕ್ಕಳ ಮುಂದೆ ಬಾಯಿ ಬಿಡದವಳು ಅರ್ಧ ಊರಿನ ಮುಂದೆ ನಿಂತಿದ್ದಾಳೆ. ಇಲ್ಲಿ ತಡವರಿಸಿ ನಗೆಪಾಟಲಾದರೆ ಪುಸ್ತಕ ಉಳಿದೂ ಏನು ಪ್ರಯೋಜನ? "ನಂಜುಂಡಪ್ಪಾ, ನೀನು ಮಾರಮ್ಮನಿಗೆ ಒಂದು ಮಾತು ಹೇಳು" ಎಂದು ಒಳಗೊಳಗೇ ಅಂದುಕೊಂಡೆ.

ಅವಳು ಪುಸ್ತಕ ಬಿಚ್ಚಿದಳು. "ಒಂ... ಒಂದಾ... ಒಂದಾನೊಂದು..." ಹಣೆಯಲ್ಲಿ ಬೆವರು. ಹಿಂದೆ ಯಾರೋ ಕಿಸಕ್ಕೆಂದರು. ಅಧ್ಯಕ್ಷರು ಕೈಗಡಿಯಾರ ನೋಡಿಕೊಂಡರು. ಹೇಗೋ ಎಳೆದುಕೊಂಡು ಹೋಗಿ ಮೊದಲ ಪುಟದ ಕೊನೆಗೆ ಬಂದು, ದಡ ಸಿಕ್ಕಿದವಳ ಹಾಗೆ ಗಟ್ಟಿಯಾಗಿ ಓದಿದಳು: "ನಂದಲ್ಲ ಪ್ರಭು!"

"ನಂದಲ್ಲಾ ಪ್ರಭೂ!" ಎಂದಿತು ಗುಡಿಯೆಲ್ಲ.

ನಮ್ಮ ಭಜನೆಯಲ್ಲಿ ಒಬ್ಬರು ಮುಂದೆ ಹೇಳಿಕೊಡುವುದು, ಉಳಿದವರು ಹಿಂದೆ ಹೇಳುವುದು. ಆ ಗುಡಿಯಲ್ಲಿ ನಿಂತು ಯಾರು 'ಪ್ರಭು' ಎಂದರೂ ನಮ್ಮ ಹೆಂಗಸರ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಕಣ್ಣು ಮುಚ್ಚಿ ಕೂತಿದ್ದ ನಮ್ಮತ್ತೆ ಭಕ್ತಿಯಿಂದ ತಲೆದೂಗುತ್ತಿದ್ದರು. ಒಬ್ಬಾಕೆ ತಾಳವನ್ನೂ ಹಾಕಿದಳು. ನಿಜ ಹೇಳುತ್ತೇನೆ, ನಾನೂ ಹೇಳಿದೆ. ದೇವರ ಮುಂದೆ ನಿಂತು ನನ್ನದೇನಲ್ಲ ಪ್ರಭು ಅನ್ನುವುದರಲ್ಲಿ ತಪ್ಪೇನು? ಎಷ್ಟೋ ಜನ ಅಷ್ಟನ್ನೂ ಅನ್ನುವುದಿಲ್ಲ.

ಮಗಳು ಬೆಚ್ಚಿ ತಲೆಯೆತ್ತಿದಳು. ಆಮೇಲೆ ನಾವು ರಾಗ ಎಳೆಯುತ್ತಿದ್ದಷ್ಟು ಹೊತ್ತಿನಲ್ಲಿ ಮುಂದಿನ ಪುಟದ ಸಾಲುಗಳ ಮೇಲೆ ಬೆರಳಾಡಿಸಿಕೊಂಡುಬಿಟ್ಟಳು. ಹೀಗೆ ಶುರುವಾಯಿತು. ಅವಳು ಒಂದು ಪುಟ ಓದುವುದು, ನಾವು "ನಂದಲ್ಲಾ ಪ್ರಭೂ" ಎಂದು ಎಳೆಯುವುದು, ಆ ಸಂದಿನಲ್ಲಿ ಅವಳು ಮುಂದಿನದನ್ನು ಬಾಯಿಗೆ ತಂದುಕೊಳ್ಳುವುದು. ಮೂರನೇ ಪುಟಕ್ಕೆ ಬೆವರು ನಿಂತಿತ್ತು. ಮಂತ್ರಿ "ಯಾರದು?" ಎಂದಾಗ ಅವಳು ಸುತ್ತ ಒಂದು ಸಲ ಕಣ್ಣು ಹಾಯಿಸಿ ಅಧ್ಯಕ್ಷರ ಮೇಲೆ ನಿಲ್ಲಿಸಿದಳು. ಮನುಷ್ಯ ಕೈಮುಗಿದು, "ನಂದಲ್ಲ ಪ್ರಭು" ಎಂದುಬಿಟ್ಟರು.

ಗರ್ಭಗುಡಿಯೊಳಗೆ ಪೂಜಾರಪ್ಪನ ಬೆನ್ನು ಕುಲುಕುತ್ತಿತ್ತು. ಕೈಯಲ್ಲಿದ್ದ ಮಂಗಳಾರತಿ ಘಂಟೆ ಸುಮ್ಮಸುಮ್ಮನೆ ಕಿಣಿಕಿಣಿ ಎನ್ನುತ್ತಿತ್ತು. ರಾಜ ಊದಿದ, ಇನ್ನೂ ಊದಿದ. ಹೆಂಚು ಹಾರಿತು. ಮಗಳು "ಢಂ!" ಎಂದಳು. ಬಲಗಡೆಯ ಹೂ ಬಿತ್ತು.

"ಬಲಗಡೆ ಕೊಟ್ಲು!" ಎಂದು ಎಲ್ಲರೂ ಕೆನ್ನೆ ಕೆನ್ನೆ ಬಡಿದುಕೊಂಡೆವು. ಅಧ್ಯಕ್ಷರಿಗೂ ಖುಷಿ, ನನಗೂ ಖುಷಿ. ನನಗೆ ಅದು ವಿಚಿತ್ರವೆನಿಸಿದ್ದು ಗುಡಿಯ ಮೆಟ್ಟಿಲಿಳಿದ ಮೇಲೆ.

"ನೋಡಿದ್ರಾ ಮೇಡಂ, ಅಮ್ಮನೇ ತೆಗೀರಿ ಅಂದ್ಲು" ಎಂದರು ಅಧ್ಯಕ್ಷರು.

"ಇಡಿ ಅಂದ್ಲಲ್ಲ ಸರ್! ಬಲಗಡೆ ಕೊಟ್ಟರೆ ಇಡೋದು ಅಂತ ನಾನು ಕೇಳಿಕೊಂಡೆ."

"ನಾನು ಬಲಗಡೆ ಕೊಟ್ರೆ ತೆಗೆಯೋದು ಅಂತ ಕೇಳ್ಕಂಡೆ!"

ಯಾವುದಕ್ಕೆ ಬಲ, ಯಾವುದಕ್ಕೆ ಎಡ ಎಂದು ನಾವ್ಯಾರೂ ಮೊದಲೇ ಮಾತಾಡಿಕೊಂಡಿರಲಿಲ್ಲ. ಎಲ್ಲರೂ ಅವರವರ ಮನಸ್ಸಿನಲ್ಲಿ ಅವರವರಿಗೆ ಬೇಕಾದ್ದನ್ನು ಬಲಕ್ಕಿಟ್ಟು ಬೇಡಿಕೊಂಡಿದ್ದರು. ಪಾಪ, ಅಮ್ಮ ಎಲ್ಲರಿಗೂ ಆಗಲಿ ಎಂದುಬಿಟ್ಟಿದ್ದಳು.

ಇನ್ನೊಂದು ಸಲ ಕೇಳಿ ಎಂದರೆ ಪೂಜಾರಪ್ಪ ಒಪ್ಪಲಿಲ್ಲ. "ಒಂದ್ ಮಾತ್ಗೆ ಒಂದೇ ಊವು. ಮತ್ತೆ ಕೇಳಿದ್ರೆ ಅಮ್ಮ ಮುನಿಸ್ಕತಾಳೆ."

"ಹಂಗಾರೆ ಅಮ್ಮ ಕೊಟ್ಟಂಗೇ ಮಾಡಿ" ಎಂದರು ನಮ್ಮತ್ತೆ. "ಸ್ಕೂಲಿಂದ ತೆಗೀರಿ, ಗುಡೀಲಿ ಇಡಿ. ಅವನ ಮಾತೂ ಆಯ್ತು, ಇವಳ ಮಾತೂ ಆಯ್ತು. ಅರಿಶಿನ ಕುಂಕುಮ ಬಿದ್ದಿರೋದ ಇನ್ ಯಾರು ಬಿಸಾಕಾರು?"

ಹಾಗಾಗಿ ನಮ್ಮೂರ ಹೂಸಿನ ಪುಸ್ತಕ ಈಗ ಮಾರಮ್ಮನ ಗುಡಿಯ ಗೂಡಿನಲ್ಲಿ, ಕರ್ಪೂರದ ಡಬ್ಬಿಯ ಪಕ್ಕದಲ್ಲಿದೆ. ಕೈಕಾಲು ತೊಳೆದುಕೊಂಡು ಬಂದು ಯಾರು ಬೇಕಾದರೂ ಓದಬಹುದು. ಅದೊಂದು ನೆಪದಲ್ಲಿ ಊರ ಮಕ್ಕಳ ಕೈಕಾಲು ಶುದ್ಧವಾಗಿರುವುದು ನನ್ನ ಲೆಕ್ಕದಲ್ಲಿ ಬೇರೆ ಲಾಭ.

ಸಂಕ್ರಾಂತಿ ಕಳೆದ ಮೂರನೇ ದಿನ ತಲಕಾಡಿನ ಕಡೆಯಿಂದ ಅಧ್ಯಕ್ಷರಿಗೆ ಫೋನ್ ಬಂತು. ಶೂನ್ಯಮಾಸದಲ್ಲಿ ಮದುವೆ ಮಾತು ಆಡಬಾರದೆಂದು ಸುಮ್ಮನಿದ್ದರಂತೆ, ಅಷ್ಟೇ. ಗಂಡಿನ ತಂದೆ ಹೆಣ್ಣಿನ ಬಗ್ಗೆ ಎರಡು ಮಾತಾಡಿ, ಆಮೇಲೆ ಅಂದು ಹೊರಡುವಾಗ ಅಂಗಳದಲ್ಲಿ ಆ ಚಿಕ್ಕ ಹುಡುಗಿ ಅರ್ಧ ಹೇಳಿದ ಕಥೆಯಲ್ಲಿ ರಾಜ ಕಡೆಗೆ ಏನಾದ ಎಂದು ಕೇಳಿದರಂತೆ. ಅಧ್ಯಕ್ಷರು ಮಿಲ್ಲು ನಿಲ್ಲಿಸಿ ಪೂರ್ತಿ ಕಥೆ ಹೇಳಿದರು, ಢಂ ಸಮೇತ. ರಾಗಿ ಬೀಸಿಸಲು ಹೋಗಿದ್ದ ನಾನೇ ಕೇಳಿಸಿಕೊಂಡೆ.

ಮಗಳು ಶುಕ್ರವಾರ ಭಜನೆ ಮುಗಿದ ಮೇಲೆ ಆ ಪುಸ್ತಕವನ್ನು ಓದುತ್ತಾಳೆ, ನಮ್ಮ ಹೆಂಗಸರು ಏಳುವುದೇ ಇಲ್ಲ. ಹೋದ ವಾರ ಗೂಡಿನಿಂದ ಪುಸ್ತಕ ತೆಗೆದವಳು ಒಂದಾನೊಂದು ಎಂದು ಹೊರಟು, ಮಂತ್ರಿಯನ್ನೂ ದಾಟಿ, ನಮ್ಮ ಬಾಯಿಗೆ ಜಾಗವನ್ನೇ ಕೊಡದೆ ಪುಟ ಮಗುಚುತ್ತಾ ಓಡಿದಳು. ನಾವು ಒಂದು 'ಪ್ರಭು' ಎಳೆಯುವಷ್ಟರಲ್ಲಿ ಅವಳು ಇನ್ನೊಂದು ಪುಟದಲ್ಲಿದ್ದಳು. ತಾಳದವಳು ಕೈ ಚೆಲ್ಲಿ ಕೂತಳು. ನಮ್ಮತ್ತೆಗೆ ಕೋಪ ಬಂತು.

"ಲೇ ಕೂಸೇ, ಒಸಿ ನಿಂತ್ಕಂಡು ಓದೇ! ನಮಗೂ ಯೋಳಕ್ಕೆ ಬುಡು!"

"ನೀವೇ ಬೇಗ ಹೇಳಿ ಅಜ್ಜಿ" ಎಂದಳು ಅವಳು, ಪುಸ್ತಕದಿಂದ ತಲೆಯೆತ್ತದೆ.