ಒಡಪಿನೊಳಗಿನ ಫಕ್ಕೀರಪ್ಪ

ಕೊರೊನಾದ ಕಾಟ ಇಳಿದ ಮರುವರ್ಷ ನಾನು ಮುಂಡರಗಿ ತಾಲ್ಲೂಕಿನಲ್ಲಿ ಸಣ್ಣ ಕೆರೆಗಳ ದುರಸ್ತಿ ನೋಡಿಕೊಳ್ಳುವ ಎಂಜಿನಿಯರ್ ಆಗಿದ್ದೆ. ಮನೆ ಬೆಟಗೇರಿಯಲ್ಲಿ, ಕೆಲಸ ಕಪ್ಪತಗುಡ್ಡದ ಬುಡದಲ್ಲಿ. ಸಂಜೆ ಧೂಳು ಮೆತ್ತಿಕೊಂಡು ಬರುವ ನನ್ನನ್ನು ನೋಡಿ ನಮ್ಮ ಮನೆಯವರು, "ಕೆರ್‍ಯಾಗಿನ ಹೂಳೆಲ್ಲಾ ನಿನ್ನ ಸೀರಿಗೇ ಬಂದೈತಲ್ಲ" ಎಂದು ಚೇಷ್ಟೆ ಮಾಡುತ್ತಿದ್ದರು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಹೆಣ್ಣುಮಗಳೊಬ್ಬಳು ಕೆರೆಯ ಏರಿ ಹತ್ತುವುದನ್ನು ನೋಡಲೆಂದೇ ಜನ ಸೇರುತ್ತಿದ್ದರು. ನಿವೃತ್ತಿ ಹತ್ತಿರ ಬರುವ ಹೊತ್ತಿಗೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ನನ್ನ ಪಾಲಿಗೆ ಅದೇ ದೊಡ್ಡ ಬಡ್ತಿ.

ಆ ವರ್ಷ ನನ್ನ ಪಾಲಿಗೆ ಬಂದ ಕೆರೆಗಳಲ್ಲಿ ಒಂದು ಡೋಣಿಯಿಂದ ಮುಂದಿನ ಒಂದು ಹಳ್ಳಿಯದು. ಹಳ್ಳಿಯ ಹೆಸರು ಬೇಡ. ಅಲ್ಲಿಯವರು ಈಗಲೂ ಹಬ್ಬಕ್ಕೆ ಫೋನು ಮಾಡುತ್ತಾರೆ, ಮುನಿಸಿಕೊಂಡರೆ ನನಗೇ ನಷ್ಟ. ಗುಡ್ಡದಿಂದ ಇಳಿದು ಬರುವ ಹಳ್ಳದ ನೀರನ್ನು ತಡೆದು ನಿಲ್ಲಿಸಿದ ಕೆರೆ ಅದು. ಅಂಥ ಕೆರೆಗೆ ಎರಡು ಅಂಗ ಮುಖ್ಯ. ನೀರನ್ನು ತಡೆಯುವ ಮಣ್ಣು-ಕಲ್ಲಿನ ದಿಬ್ಬ ಏರಿ. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಸುಮ್ಮನೆ ಹೊರಗೆ ಹೋಗಲೆಂದು ಬಿಟ್ಟ ದಾರಿ ಕೋಡಿ. ಏರಿ ಎಷ್ಟೇ ಗಟ್ಟಿಯಿದ್ದರೂ ಕೋಡಿ ಸರಿಯಿಲ್ಲದಿದ್ದರೆ ನೀರು ಏರಿಯ ತಲೆಯ ಮೇಲೆ ಹರಿಯುತ್ತದೆ, ಆಮೇಲೆ ಏರಿಯೂ ಇರುವುದಿಲ್ಲ, ಕೆಳಗಿನ ಊರೂ ಇರುವುದಿಲ್ಲ.

ಹೂಳು ತೆಗೆಯುವ ಕೆಲಸ ಶುರುವಾದ ಮೇಲೆ ಕೋಡಿಯ ಮೇಲೆ ಬೆಳೆದಿದ್ದ ಜಾಲಿಯನ್ನೆಲ್ಲ ಕಡಿಸಿದೆ. ಒಳಗಿನಿಂದ ಹೊರಬಂದ ಕಟ್ಟಡವನ್ನು ಹತ್ತಿರ ಹೋಗಿ ನೋಡಿದೆ. ನೀರು ಒಮ್ಮೆಲೇ ಧುಮುಕಿ ಬುಡವನ್ನು ಕೊರೆಯದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದ್ದರು. ಕೊನೆಯ ಮೆಟ್ಟಿಲಿನ ಕೆಳಗೆ ಅಗಲವಾದ ಕಲ್ಲುಹಾಸು. ಎರಡು ಬದಿಯ ಗೋಡೆಗಳು ಏರಿಯೊಳಗೆ ಆಳವಾಗಿ ಹೊಕ್ಕಿದ್ದವು. ಒಂದು ಕಲ್ಲೂ ಜರುಗಿರಲಿಲ್ಲ. ಇಂಥ ಕೆಲಸ ಕಂಡಾಗ ನನಗೆ ಕೈ ಮುಗಿಯುವ ಚಾಳಿಯಿದೆ. ಆ ದಿನವೂ ಮುಗಿದೆ.

"ಇದನ್ನ ಕಟ್ಟಿದವರು ಯಾರ್‍ರಿ?" ಎಂದು ಪಂಚಾಯತಿ ಅಧ್ಯಕ್ಷರನ್ನು ಕೇಳಿದೆ.

"ಮತ್ಯಾರ್‍ರಿ ಮೇಡಂ, ನಮ್ಮ ಫಕ್ಕೀರಪ್ಪ ಮುತ್ಯಾ. ಏರಿನೂ ಅವರದಽ, ಕೋಡಿನೂ ಅವರದಽ."

ಈ ಮುತ್ಯಾನ, ಎಂದರೆ ಊರಿನ ಹಿರಿಯಜ್ಜನ, ಕಥೆ ನಾನು ಮೊದಲೇ ಕೇಳಿದ್ದೆ. ಹಿಂದೆ ಕೆರೆಯೇ ಇಲ್ಲದ ಕಾಲದಲ್ಲಿ ಮನೆಗೊಂದು ಚಕ್ಕಡಿ ಕಲ್ಲು ತರಿಸಿ ಏರಿ ಕಟ್ಟಿಸಿದ ಪೈಲವಾನ. ಯಾರಾದರೂ ಕಲ್ಲು ತರಲು ಸಬೂಬು ಹೇಳಿದರೆ ಅವರ ಮನೆ ಮುಂದೆ ಹೋಗಿ ಜಗಳಾಡುತ್ತ ನಿಲ್ಲುತ್ತಿರಲಿಲ್ಲವಂತೆ, ತಾನೇ ಅವರ ಚಕ್ಕಡಿಗೆ ಹೆಗಲು ಕೊಟ್ಟು ಹೊರಡುತ್ತಿದ್ದನಂತೆ. ನಾಚಿಕೆಗೆ ಎತ್ತಿನ ಜೊತೆ ಒಡೆಯನೂ ಬರುತ್ತಿದ್ದ. ಆ ಏರಿಯ ಕಲ್ಲುಕಟ್ಟಣೆ ಇಂದಿಗೂ ನಿಂತಿದೆ, ಅವನ ಬಗ್ಗೆ ನನಗೂ ಭಕ್ತಿಯೇ.

ಆದರೆ ಏರಿಯ ಕಟ್ಟಣೆ ಸುಣ್ಣದ ಗಚ್ಚಿನದು, ಕೋಡಿಯದು ಸಿಮೆಂಟಿನದು. ನಡುವೆ ಎರಡು ತಲೆಮಾರಾದರೂ ಕಳೆದಿರಬೇಕು. "ಅಧ್ಯಕ್ಷರ, ಎರಡೂ ಒಬ್ಬರದೇ ಕೆಲಸಾದ್ರ ಮುತ್ಯಾ ನೂರು ದಾಟಿದ ಮ್ಯಾಲೂ ಸಿಮೆಂಟ್ ಕಲಸ್ಯಾರ ಅಂದಂಗಾತು" ಎಂದೆ.

ಅಧ್ಯಕ್ಷರು ನಗಲಿಲ್ಲ. "ಗಟ್ಟಿ ಜೀವಾರಿ ಅವರದು" ಎಂದರು.

ಕೆರೆಯ ಕೆಲಸ ಮುಗಿದಾಗ ಏರಿಯ ಮೇಲೆ ಒಂದು ಕಲ್ಲು ನೆಡಿಸಿ ಅದರಲ್ಲಿ 'ಏರಿ ಮತ್ತು ಕೋಡಿ ಕಟ್ಟಿಸಿದ ಫಕ್ಕೀರಪ್ಪ ಬಸಪ್ಪ ಹಳೇಮನಿ' ಎಂದು ಕೆತ್ತಿಸುವುದೆಂದು ಊರವರು ತೀರ್ಮಾನಿಸಿದ್ದರು. ಲಕ್ಷ್ಮೇಶ್ವರದ ಕಲ್ಲು ಕೆತ್ತುವವರಿಗೆ ಹೇಳಿಯೂ ಆಗಿತ್ತು.

ಮರುದಿನ ನಾನು ಬೇವಿನ ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಾಗ ಮುದುಕಿಯೊಬ್ಬರು ಬಂದು ನಿಂತರು. ದ್ಯಾಮವ್ವ ಎಂದು ಹೆಸರು ಹೇಳಿದರು. ಎಂಬತ್ತರ ಆಸುಪಾಸು, ಇಳಕಲ್ ಸೀರೆಯ ಸೆರಗು ತಲೆತುಂಬ.

"ಬಾಯಾರ, ಆ ಕೋಡಿ ಮುತ್ಯಾ ಕಟ್ಟಿದ್ದಲ್ರಿ. ನಮ್ಮನಿಯವರು ಕಟ್ಟಿದ್ದು."

ಬಾಯಾರು ಎಂದರೆ ಶಾಲೆಯ ಶಿಕ್ಷಕಿ. ಕುರ್ಚಿಯ ಮೇಲೆ ಕೂತ ಹೆಂಗಸರೆಲ್ಲ ಆಕೆಗೆ ಬಾಯಾರೇ. "ಕುಂಡ್ರಿ ಅವ್ವ. ನಿಮ್ಮನಿಯವರ ಹೆಸರೇನು?" ಎಂದೆ.

ದ್ಯಾಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಮ್ಮ ಕಡೆಯ ಹಳೆಯ ಕಾಲದ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ಮಾವನ ಹೆಸರಂತೂ ಇಲ್ಲವೇ ಇಲ್ಲ. ಅಲ್ಲೇ ಹೂಳು ತೆಗೆಯುತ್ತಿದ್ದ ಜೆಸಿಬಿಯಿಂದ ಅದರ ಡ್ರೈವರ್ ಇಳಿದು ಬಂದ. ಅವನು ದ್ಯಾಮವ್ವನ ಮೊಮ್ಮಗ. "ನಮ್ಮಜ್ಜನ ಹೆಸರು ಫಕ್ಕೀರಪ್ಪ ರೀ ಮೇಡಂ" ಎಂದ.

"ನಿನ್ನ ಹೆಸರು?"

"ನಂದೂ ಅದಽ ರೀ."

ಆಮೇಲೆ ಅವನೇ ಬಿಡಿಸಿ ಹೇಳಿದ. ಶಿರಹಟ್ಟಿಯ ಮಠಕ್ಕೆ ನಡೆದುಕೊಳ್ಳುವ ಮನೆತನಗಳಲ್ಲಿ ಫಕ್ಕೀರಪ್ಪ ಎಂಬ ಹೆಸರು ಹಾಸುಹೊಕ್ಕು. ಮೊದಲ ಮಗನಿಗೆ ಅಜ್ಜನ ಹೆಸರಿಡುವುದು ರೂಢಿ. ಹಾಗಾಗಿ ಅವರ ಮನೆಯಲ್ಲಿ ಒಂದು ತಲೆಮಾರು ಫಕ್ಕೀರಪ್ಪ, ಮುಂದಿನದು ಬಸಪ್ಪ, ಅದರ ಮುಂದಿನದು ಮತ್ತೆ ಫಕ್ಕೀರಪ್ಪ. ನಮ್ಮಲ್ಲಿ ತನ್ನ ಹೆಸರಿನ ಮುಂದೆ ತಂದೆಯ ಹೆಸರು, ಅದರ ಮುಂದೆ ಅಡ್ಡಹೆಸರು ಬರೆಯುತ್ತೇವೆ. ಏರಿ ಕಟ್ಟಿಸಿದ ಪೈಲವಾನನೂ ಫಕ್ಕೀರಪ್ಪ ಬಸಪ್ಪ ಹಳೇಮನಿ, ಅವನ ಮೊಮ್ಮಗನಾದ ದ್ಯಾಮವ್ವನ ಗಂಡನೂ ಫಕ್ಕೀರಪ್ಪ ಬಸಪ್ಪ ಹಳೇಮನಿ, ಜೆಸಿಬಿಯಿಂದ ಇಳಿದು ಬಂದವನೂ ಫಕ್ಕೀರಪ್ಪ ಬಸಪ್ಪ ಹಳೇಮನಿ. ಅಕ್ಷರಕ್ಕೆ ಅಕ್ಷರ ಒಂದೇ. ಕೇಳಿ ನನಗೆ ನಗುವೂ ಬಂತು, ತಲೆಯೂ ಬಿಸಿಯಾಯಿತು.

ದ್ಯಾಮವ್ವ ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ಗಂಡನ ಹೆಸರು ಹೇಳುವಂತಿಲ್ಲ, ಮಾವನ ಹೆಸರು ಹೇಳುವಂತಿಲ್ಲ. ಹುಟ್ಟಿದ ಮಗನಿಗೆ ಮಾವನ ಹೆಸರು, ಮೊಮ್ಮಗನಿಗೆ ಗಂಡನ ಹೆಸರು. ಅವರನ್ನೂ ಹೆಸರು ಹಿಡಿದು ಕರೆಯುವಂತಿಲ್ಲ. ಮಗನನ್ನು ಅಪ್ಪಣ್ಣ ಎಂದರು, ಮೊಮ್ಮಗನನ್ನು ಸಣ್ಣಪ್ಪ ಎಂದರು. ಹಿರಿಯರ ಸಾಹಸಗಳನ್ನು ಮಕ್ಕಳಿಗೆ ಹೇಳಿ ಉಳಿಸುವವರು ಮನೆಯ ಹೆಂಗಸರು. ಆ ಮನೆಯ ಹೆಂಗಸರ ಬಾಯಿಗೇ ಆ ಹೆಸರುಗಳು ನಿಷಿದ್ಧ. ಹೀಗಿರುವಾಗ ಇಬ್ಬರು ಫಕ್ಕೀರಪ್ಪಂದಿರು ಊರಿನ ನೆನಪಿನಲ್ಲಿ ಒಬ್ಬನಾಗಿ ಹೋದದ್ದರಲ್ಲಿ ಆಶ್ಚರ್ಯವಿಲ್ಲ.

ಎರಡನೆಯ ಫಕ್ಕೀರಪ್ಪ ಗದಗಿನಲ್ಲಿ ಗೌಂಡಿ ಕೆಲಸ, ಎಂದರೆ ಗಾರೆ ಕೆಲಸ, ಕಲಿತವನು. ಮದುವೆಯಾದ ಹೊಸತರಲ್ಲಿ ಒಂದು ಮಳೆಗಾಲ ನೀರು ಏರಿಯ ನೆತ್ತಿಗೆ ಬಂತು. ಊರು ಅಂದು ಹೇಗೋ ಉಳಿಯಿತು. ಮಳೆ ನಿಂತ ಮೇಲೆ ಅವನು ಪಟ್ಟಣದ ಕೆಲಸ ಬಿಟ್ಟು ಬಂದು, ಅಜ್ಜ ಕಟ್ಟಿಸಿದ ಏರಿ ತನ್ನ ಕಾಲದಲ್ಲಿ ಒಡೆಯಬಾರದೆಂದು ಹಟ ಹಿಡಿದು, ಬೇಸಗೆಯುದ್ದಕ್ಕೂ ಕೋಡಿ ಕಟ್ಟಿದ. ಊರವರು ಕಲ್ಲು ಹೊತ್ತರು. ಹೆಚ್ಚು ಮಾತಿನ ಮನುಷ್ಯನಲ್ಲ, ನಡುವಯಸ್ಸಿಗೇ ತೀರಿಕೊಂಡ. ಅವನ ಕೋಡಿ ಅದೆಷ್ಟು ಮಳೆಗಾಲ ಆ ಊರನ್ನು ಕಾಯಿತೋ, ಅಷ್ಟೂ ಮಳೆಗಾಲ ಜನ ಅವನ ಅಜ್ಜನನ್ನು ಹೊಗಳಿದರು.

"ನಾವು ಹೇಳಿದ್ರ ಮನಿತನದ ಹೆಸರಿಗೆ ಬಡದಾಡ್ತಾರ ಅಂತಾರ್‍ರಿ. ಹೆಂಗಿದ್ರೂ ಕಲ್ಲಿನ ಮ್ಯಾಲೆ ನಮ್ಮಜ್ಜನ ಹೆಸರಽ ಬರತೈತಿ. ಬಿಡಬೇ ಆಯಿ ಅಂದೆ, ಕೇಳವಲ್ಲಳು" ಎಂದ ಮೊಮ್ಮಗ.

"ಹೆಸರು ಅವರದಽ ಇರತೈತಿ ಸಣ್ಣಪ್ಪ, ಖರೆ" ಎಂದರು ದ್ಯಾಮವ್ವ. "ಆದ್ರ ಅದನ್ನ ಓದಿದವರ ಕಣ್ಣಾಗ ಬರೂದು ಪೈಲವಾನ ಮುತ್ಯಾ. ಇವರು ಬರೂದಿಲ್ಲ. ನಾ ಹೋದ್ರ ಇವರೂ ಹೋದಂಗಽ."

ಈ ಮಾತು ಕೇಳಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಅಷ್ಟು ಒಳ್ಳೆಯ ಕೆಲಸ ಮಾಡಿದವನೊಬ್ಬ ತನ್ನದೇ ಹೆಸರಿನ ಅಡಿಯಲ್ಲಿ ಮುಚ್ಚಿಹೋಗಬಾರದು ಅನ್ನಿಸಿತು. ಲಕ್ಷ್ಮೇಶ್ವರಕ್ಕೆ ಫೋನು ಹಚ್ಚಿ ಕಲ್ಲಿನ ಕೆಲಸ ನಿಲ್ಲಿಸಲು ಹೇಳಿದೆ. ಕೆತ್ತುವವರು ಗಟ್ಟಿಯಾಗಿ ನಕ್ಕರು.

"ನಾನೂ ಫಕ್ಕೀರಸಾಬ ರೀ ಮೇಡಂ, ನಮ್ಮಜ್ಜನೂ ಫಕ್ಕೀರಸಾಬ. ಈ ತ್ರಾಸು ನನಗ ಗೊತ್ತೈತಿ. ಖರೆ ಯಾರದು ಅಂತ ಖಬರ ಹತ್ತಿದ ಮ್ಯಾಲೆ ಹೇಳ್ರಿ. ಕಲ್ಲಿನ ಮ್ಯಾಲೆ ರಬ್ಬರ್ ನಡಿಯೂದಿಲ್ಲ."

ಅಧ್ಯಕ್ಷರು ಮಾತ್ರ ಜಗ್ಗಲಿಲ್ಲ. ಊರವರೆಲ್ಲ ನಂಬಿದ್ದನ್ನು ಒಬ್ಬ ಮುದುಕಿಯ ಮಾತಿನ ಮೇಲೆ ಬದಲಿಸುವುದು ಹೇಗೆ ಎಂದರು. ಸುಣ್ಣ, ಸಿಮೆಂಟು ಎಂದು ನಾನು ವಿವರಿಸಿದ್ದು ಅವರಿಗೆ ಸರ್ಕಾರಿ ಮಾತಾಗಿ ಕೇಳಿಸಿತು. ಕೊನೆಗೆ, "ಶಾಲಿ ಕಟ್ಟಿ ಮ್ಯಾಲೆ ಮಂದಿ ಕೂಡಸ್ತೀನಿ. ಅಲ್ಲಿ ಹೇಳಲಿ" ಎಂದರು.

ಮುಂದಿನ ವಾರ ಬೆಳಿಗ್ಗೆ ಶಾಲೆಯ ಕಟ್ಟೆಯ ಮೇಲೆ ಊರು ಸೇರಿತು. ಗಂಡಸರು ಮುಂದೆ, ಹೆಂಗಸರು ಹಿಂದೆ ಗೋಡೆಗೆ ಒರಗಿ. ಕೋಡಿ ಕಟ್ಟಿದ್ದು ಯಾವ ಫಕ್ಕೀರಪ್ಪ ಎಂದು ಅಧ್ಯಕ್ಷರು ಕೇಳಿದರು. ಆ ಕಾಲದ ಗಂಡಸರು ಯಾರೂ ಉಳಿದಿರಲಿಲ್ಲ. ಉಳಿದವರು, ನಾವು ಕೇಳಿದ್ದು ಹೀಗೆ, ನಮ್ಮಪ್ಪ ಹೇಳಿದ್ದು ಹೀಗೆ ಎಂದರು. ಎಲ್ಲರ ಬಾಯಲ್ಲೂ ಫಕ್ಕೀರಪ್ಪ, ಎಲ್ಲರ ಮನಸ್ಸಿನಲ್ಲೂ ಪೈಲವಾನ.

ಆಗ ದ್ಯಾಮವ್ವ ಎದ್ದು ನಿಂತರು. ಕಂಬ ಹಿಡಿದುಕೊಂಡಿದ್ದರು.

"ಹೆಸರು ಹೇಳಿದ್ರ ಗಂಡನ ಆಯುಷ್ಯ ಕಡಿಮಿ ಆಕ್ಕೈತಿ ಅಂತ ನಮ್ಮತ್ತಿ ಹೇಳಿದ್ಲು. ಹೇಳಲಿಲ್ಲ. ಈಗ ಹೇಳದಿದ್ರ ಕಡಿಮಿ ಆಕ್ಕೈತಿ." ಒಂದು ಉಸಿರು ಎಳೆದುಕೊಂಡು, ಎದುರಿನ ಗಂಡಸರನ್ನು ನೋಡದೆ, ಕೆರೆಯ ಕಡೆ ಮುಖ ಮಾಡಿ ಹೇಳಿದರು:

"ಕಪ್ಪತಗುಡ್ಡದ ನೀರು ಕೆರಿಗೆ ಬಂತು ಓಡಿ,
ಫಕ್ಕೀರಪ್ಪನವರು ಕಟ್ಯಾರ ನೋಡ್ರಿ ಕೋಡಿ!"

ಎರಡನೆಯ ಸಾಲು ಆಕೆಯೊಬ್ಬರದೇ ದನಿಯಲ್ಲಿ ಮುಗಿಯಲಿಲ್ಲ. ಗೋಡೆಗೆ ಒರಗಿದ್ದ ಮುದುಕಿಯರು ಮೂರ್‍ನಾಲ್ಕು ಮಂದಿ ಕೂಡಿಯೇ 'ಕಟ್ಯಾರ ನೋಡ್ರಿ ಕೋಡಿ' ಎಂದುಬಿಟ್ಟಿದ್ದರು. ಅವರಿಗೇ ಅಚ್ಚರಿಯಾಗಿ ಒಬ್ಬರ ಮುಖ ಒಬ್ಬರು ನೋಡಿದರು.

ಇದು ಒಡಪು. ಗಂಡನ ಹೆಸರು ಹೇಳಬಾರದ ನಮ್ಮ ಹೆಂಗಸರಿಗೆ ಅದನ್ನು ಹೇಳಲು ಇರುವ ಒಂದೇ ಸಂದು. ಮದುವೆಯಲ್ಲಿ, ಬಸುರಿಗೆ ಸೀಮಂತದ ಕುಬಸ ಮಾಡುವಾಗ, ತೊಟ್ಟಿಲಿಗೆ ಹಾಕುವಾಗ ಉಳಿದ ಹೆಂಗಸರು ಬಾಗಿಲು ಅಡ್ಡಗಟ್ಟಿ ಕಾಡುತ್ತಾರೆ. ಪ್ರಾಸ ಕಟ್ಟಿ, ಅದರೊಳಗೆ ಹೆಸರಿಟ್ಟು ಹೇಳಿದರೆ ಮಾತ್ರ ಬಿಡುತ್ತಾರೆ. ನಾನೂ ಬೆಟಗೇರಿಯ ಮನೆಯ ಹೊಸ್ತಿಲಲ್ಲಿ ನಿಂತು, ಬೆವರುತ್ತ, ಪ್ರಾಸ ತಪ್ಪಿ ಒಡಪು ಹೇಳಿದವಳೇ. ನಮ್ಮ ಮನೆಯವರು ಇಂದಿಗೂ ಅದನ್ನು ಆಡಿಕೊಳ್ಳುತ್ತಾರೆ. ಗಂಡ ತೀರಿದ ಹೆಂಗಸಿಗೆ ಮಾತ್ರ ಯಾರೂ ಮತ್ತೆ ಒಡಪು ಹೇಳೆಂದು ಕೇಳುವುದಿಲ್ಲ. ಅರ್ಧ ಆಯುಷ್ಯದಷ್ಟು ಕಾಲ ಆ ಹೆಸರು ದ್ಯಾಮವ್ವನ ಬಾಯೊಳಗೇ ಕೂತಿತ್ತು. ನನ್ನ ಕಣ್ಣು ತುಂಬಿ ಬಂತು, ಮುಚ್ಚಿಟ್ಟುಕೊಳ್ಳುವ ಗೋಜಿಗೂ ಹೋಗಲಿಲ್ಲ.

"ಈಕಿ ಕುಬಸದಾಗ ಹೇಳಿದ್ಲಲ್ಲಾ ಇದು!" ಎಂದರು ಮುದುಕಿಯರಲ್ಲಿ ಒಬ್ಬರು. "ಆಗಿನ್ನೂ ಕೋಡಿಯ ಸಿಮೆಂಟ್ ಹಸೀದಿತ್ತು. ಈಕಿ ಗಂಡ ಮೈತುಂಬ ಗಾರಿ ಮಾಡಿಕೊಂಡು ಊಟಕ್ಕ ಬಂದಿದ್ದ."

ಅಧ್ಯಕ್ಷರು ಬೆಚ್ಚಿ ತಿರುಗಿದರು. ಮಾತಾಡಿದ್ದು ಅವರ ತಾಯಿಯೇ. "ಯವ್ವಾ, ಇಷ್ಟು ದಿನ ನೀ ಯಾಕ ಹೇಳಲಿಲ್ಲ?"

"ನೀ ಯಾವಾಗ ಕೇಳಿದ್ದೀಲೇ?"

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು, ಅಧ್ಯಕ್ಷರೂ ನಕ್ಕರು. ಆಮೇಲೆ ವಾದವೇ ಉಳಿಯಲಿಲ್ಲ. ಒಡಪಿನಲ್ಲಿ ಬಂದ ಹೆಸರು ಯಾರದೆಂದು ಕೇಳಬೇಕಾಗಿಲ್ಲ. ಊರಲ್ಲಿ ಆ ಹೆಸರಿನವರು ಎಷ್ಟೇ ಮಂದಿಯಿರಲಿ, ಅದು ಹೇಳಿದವಳ ಗಂಡನದು. ಗಂಡನನ್ನು ಬಿಟ್ಟು ಬೇರೆಯವರ ಹೆಸರನ್ನು ಯಾವ ಹೆಂಗಸೂ ಒಡಪಿಗೆ ಹಾಕುವುದಿಲ್ಲ. ಕುಬಸದ ಮನೆಯೊಳಗೆ ಗಂಡಸರಿಗೆ ಪ್ರವೇಶವಿಲ್ಲದ್ದರಿಂದ ಊರಿನ ಅರ್ಧ ಜನಕ್ಕೆ ಗೊತ್ತಿದ್ದದ್ದು ಉಳಿದರ್ಧಕ್ಕೆ ಗೊತ್ತೇ ಆಗಿರಲಿಲ್ಲ.

ಕಲ್ಲಿನ ಮೇಲೆ ಏನು ಬರೆಯಬೇಕೆಂಬ ಪ್ರಶ್ನೆ ಮತ್ತೆ ಬಂತು. ಇಬ್ಬರ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಲ್ಲ ಒಂದೇ. ದೊಡ್ಡ, ಸಣ್ಣ ಎಂದು ಬರೆದರೆ ಕೋಡಿ ಕಟ್ಟಿದವನನ್ನು ಸಣ್ಣವನೆಂದು ಕರೆದಂತಾಗುತ್ತದೆ ಎಂದು ನಾನೇ ಬೇಡವೆಂದೆ. ದಾರಿ ತೋರಿಸಿದವನು ಜೆಸಿಬಿಯ ಫಕ್ಕೀರಪ್ಪ. ಅವನು ಹೇಳಿದಂತೆ ಕೆತ್ತಿ ಕಳಿಸಿದರು ಫಕ್ಕೀರಸಾಬರು. ಏರಿ ಕಟ್ಟಿಸಿದವರು ಪೈಲವಾನ ಫಕ್ಕೀರಪ್ಪ. ಅದರ ಕೆಳಗೆ, ಅಷ್ಟೇ ದಪ್ಪ ಅಕ್ಷರದಲ್ಲಿ: ಕೋಡಿ ಕಟ್ಟಿದವರು ದ್ಯಾಮವ್ವನ ಗಂಡ ಫಕ್ಕೀರಪ್ಪ.

ಆ ಕೆರೆಯ ನಂತರ ನಾನು ಕೆಲಸ ಮಾಡುವ ರೀತಿಯೇ ಬದಲಾಯಿತು. ಯಾವ ಊರಿಗೆ ಹೋದರೂ, ಕಟ್ಟಿದವರು ಯಾರೆಂದು ಕಟ್ಟೆಯ ಮೇಲೆ ಕೂತ ಗಂಡಸರನ್ನು ಕೇಳಿದ ಮೇಲೆ, ಅಡುಗೆಮನೆಯ ಬಾಗಿಲಿಗೆ ಹೋಗಿ ಇನ್ನೊಮ್ಮೆ ಕೇಳುತ್ತಿದ್ದೆ. ಕಟ್ಟಡದ ಗಟ್ಟಿತನ ನೋಡುವುದನ್ನು ಕಾಲೇಜು ಕಲಿಸಿತ್ತು. ಕಟ್ಟಿದವರನ್ನು ಎಲ್ಲಿ ಹುಡುಕಬೇಕೆಂಬುದನ್ನು ದ್ಯಾಮವ್ವ ಕಲಿಸಿದರು.

ಕಲ್ಲು ನೆಟ್ಟ ದಿನ ಆಕೆಗೆ ಅದನ್ನು ಓದಿ ಹೇಳಿದೆ. "ಅಯ್ಯ, ನನ್ನ ಹೆಸರು ಯಾಕ ಹಾಕಿದ್ರಿ ಬಾಯಾರ?" ಎಂದು ಗಾಬರಿಯಾದರು. ಅದಿಲ್ಲದಿದ್ದರೆ ಅವರ ಗುರುತು ಹತ್ತುವುದಿಲ್ಲ ಎಂದೆ. ಬಹಳ ಹೊತ್ತು ಅಕ್ಷರಗಳ ಮೇಲೆ ಕೈಯಾಡಿಸಿದರು. ಓದಲು ಬಾರದ ಆ ಬೆರಳುಗಳು ಎರಡು ಹೆಸರುಗಳ ನಡುವೆ ಹೋಗಿ ಬಂದವು. ಆಮೇಲೆ ಸೆರಗು ಸರಿಮಾಡಿಕೊಂಡು ನಕ್ಕರು.

"ಆತು ಬಿಡ್ರಿ. ಇನ್ನ ಅವರ ಹೆಸರ ಕಲ್ಲಽ ಹೇಳತೈತಿ. ನಾ ಮದಲಿನಂಗ ಸುಮ್ಮನಿರತೀನಿ."